ಮೊದಲ ಕರಡುಪ್ರತಿಗೆ ಕೆಂಪು ಪೆನ್ನು ಬೇಡ

ಪತ್ರಿಕೆಯ ಮಕ್ಕಳ ಪುಟದ ಡೆಸ್ಕಿನಲ್ಲಿ ಕಾಪಿ, ಅಂದರೆ ಅಚ್ಚಿಗೆ ಹೋಗುವ ಬರಹ, ತಿದ್ದುವುದು ನನ್ನ ಕೆಲಸ. ಪುಟ ಅಚ್ಚಿಗೆ ಬಿಡುವ ಹಿಂದಿನ ರಾತ್ರಿ ಮನೆಯಲ್ಲಿ ಪ್ರೂಫ್ (ಕೊನೆಯದಾಗಿ ತಪ್ಪು ಹುಡುಕುವ ಪ್ರತಿ) ನೋಡುತ್ತಿದ್ದಾಗ ಮಗಳು ಎಂಟು ಸಾಲಿನ ಕತೆ ತಂದಿಟ್ಟಳು. ಏಳನೇ ಮಹಡಿಯಲ್ಲಿ ನಿಲ್ಲಲು ಒಪ್ಪದ ಲಿಫ್ಟಿನ ಕತೆ. ಕೆಂಪು ಪೆನ್ನು ಕೈಯಲ್ಲೇ ಇತ್ತು. ‘ಬಯ’ಕ್ಕೆ ಮಹಾಪ್ರಾಣ ಹಾಕಿದೆ, ಎರಡು ಕಡೆ ದೀರ್ಘ, ಮೂರು ಕಡೆ ಒತ್ತು. ಉಳಿದದ್ದೂ ಸೇರಿ ಎಂಟು ಸಾಲಿಗೆ ಹನ್ನೊಂದು ಗುರುತು. ‘ಚೆನ್ನಾಗಿದೆ ಪುಟ್ಟಿ, ಮುಂದೆ ಬರಿ’ ಅಂದೆ.

ಹತ್ತು ನಿಮಿಷ ಪೆನ್ಸಿಲ್ ಅಲುಗಲಿಲ್ಲ. ಯೋಚನೆ ಮಾಡುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ಕೇಳಿದಳು: ‘ಅಪ್ಪಾ, ಭಯ ಅನ್ನೋ ಪದ ಎಲ್ಲೂ ಬರದ ಹಾಗೆ ಬರೀಲಾ?’

ಕತೆಯ ಜೀವ ಇದ್ದದ್ದೇ ಆ ಪದದಲ್ಲಿ. ತಪ್ಪಾಗುವ ಪದವನ್ನು ಬಿಟ್ಟು, ಸರಿಯಾಗಿ ಬರೆಯಲು ಬರುವ ಪದಗಳಲ್ಲೇ ಕತೆ ಮುಗಿಸಲು ಅವಳು ಹೊರಟಿದ್ದಳು. ತಿದ್ದಿದ್ದು ತಪ್ಪಲ್ಲ, ತಿದ್ದಿದ ಹೊತ್ತು ತಪ್ಪು. ಡೆಸ್ಕಿನಲ್ಲಿ ಯಾರೂ ಅರ್ಧ ಬರೆದ ಕಾಪಿಯನ್ನು ಪ್ರೂಫಿಗೆ ಕಳಿಸುವುದಿಲ್ಲ. ಮನೆಯಲ್ಲಿ ನಾನು ಅದನ್ನೇ ಮಾಡಿದೆ.

ಮಗುವಿಗೆ ಮೊದಲು ತಿಳಿಯಬೇಕಾದದ್ದು ಇದು: ಬರೆಯುವುದು ಒಂದೇ ಕೆಲಸವಲ್ಲ. ಕತೆ ಹುಡುಕುವುದು, ಹಾಳೆಗೆ ಸುರಿಯುವುದು, ಒಡೆದು ಕಟ್ಟುವುದು, ತಿದ್ದುವುದು ಬೇರೆ ಬೇರೆ ಕೆಲಸ, ಬೇರೆ ಬೇರೆ ದಿನಕ್ಕೆ ಸೇರಿದ್ದು. ಅಕ್ಷರ ಇನ್ನೂ ಕೈಗೆ ಪಳಗದ ವಯಸ್ಸಿನಲ್ಲಿ ಕಾಗುಣಿತ ನೆನಪಿಸಿಕೊಳ್ಳುವುದಕ್ಕೇ ಗಮನವೆಲ್ಲ ಹೋಗುತ್ತದೆ, ಕತೆಗೆ ಉಳಿಯುವುದು ಸ್ವಲ್ಪ. ಬಾಯಲ್ಲಿ ಅರ್ಧ ಗಂಟೆ ಹೇಳುವ ಮಗು ಹಾಳೆಯ ಮೇಲೆ ನಾಲ್ಕು ಸಾಲಿಗೆ ನಿಲ್ಲುವುದು ಇದಕ್ಕೇ.

ಹುಡುಕುವಾಗ ‘ನೀತಿ ಏನು’ ಅಂತ ಕೇಳಬೇಡಿ, ಕತೆ ಅಲ್ಲೇ ಸಾಯುತ್ತದೆ. ಲಿಫ್ಟ್ ನಿಲ್ಲದಿದ್ದರೆ ಯಾರಿಗೆ ತೊಂದರೆ? ಅವರು ಮೊದಲು ಏನು ಮಾಡಿದರು? ಅದು ಯಾಕೆ ಫಲಿಸಲಿಲ್ಲ? ಈ ಮೂರು ಸಾಕು. ಎಲ್ಲ ಘಟನೆಗಳ ನಡುವೆ ‘ಆಮೇಲೆ’ ಮಾತ್ರ ಬರುತ್ತಿದ್ದರೆ ಅದು ಪಟ್ಟಿ. ‘ಆದರೆ’, ‘ಅದಕ್ಕೇ’ ಬರತೊಡಗಿದರೆ ಕತೆ ಹೊರಟಿದೆ.

ಸುರಿಯುವುದಕ್ಕೆ ಗಡಿಯಾರ ನೋಡಿ ಹತ್ತು ನಿಮಿಷ. ಹಾಳೆಯ ಒಂದೇ ಮಗ್ಗುಲಿಗೆ, ಸಾಲು ಬಿಟ್ಟು ಸಾಲು. ಗೊತ್ತಿಲ್ಲದ ಪದಕ್ಕೆ ಅಡಿಗೆರೆ ಎಳೆದು ಮುಂದೆ ಹೋಗಬೇಕು. ರಬ್ಬರ್ ಎತ್ತಿಡಿ. ಕೈ ಸೋತರೆ ಮಗು ಹೇಳಲಿ, ನೀವು ಬರೆದುಕೊಳ್ಳಿ, ಆದರೆ ಒಂದು ಪದವನ್ನೂ ಚೆಂದ ಮಾಡದೆ. ಕಂಪ್ಯೂಟರಾದರೆ ಕಾಗುಣಿತ ತೋರಿಸುವ ಕೆಂಪು ಗೆರೆಯನ್ನು ಆಫ್ ಮಾಡಿ. ನಮ್ಮ ಆಫೀಸಿನ ಹೊಸ ಸಾಫ್ಟ್‌ವೇರಿನಲ್ಲಿ ಅದನ್ನು ಆಫ್ ಮಾಡುವ ದಾರಿಯೇ ಇಲ್ಲ. ಸಮಯ ಉಳಿಯುತ್ತದೆ ಅನ್ನುತ್ತದೆ ಮ್ಯಾನೇಜ್‌ಮೆಂಟ್. ವಾಕ್ಯ ಮುಗಿಯುವ ಮೊದಲೇ ವರದಿಗಾರರು ಹಿಂದಕ್ಕೆ ಹೋಗಿ ಅಕ್ಷರ ತಿದ್ದುತ್ತಾ ಕೂರುವುದನ್ನು ದಿನಾ ನೋಡುತ್ತಿದ್ದೇನೆ.

ಒಂದು ರಾತ್ರಿ ಕಳೆದ ಮೇಲೆ ಕತ್ತರಿ. ಒಂದೊಂದು ಘಟನೆಯನ್ನೂ ಕಾಗದದ ಪಟ್ಟಿಯಾಗಿ ಕತ್ತರಿಸಿ ನೆಲದ ಮೇಲೆ ಹರಡಿ, ಮೂರನೆಯದನ್ನು ಮೊದಲಿಗಿಟ್ಟು ನೋಡಿ. ಹಾಳೆಯ ಒಂದೇ ಮಗ್ಗುಲು ಅಂದದ್ದು ಇದಕ್ಕೆ. ಬರೆದದ್ದು ಅಲುಗದ ವಸ್ತುವಲ್ಲ ಅನ್ನುವುದು ಮಗುವಿಗೆ ಮಾತಿನಿಂದ ತಿಳಿಯುವುದಿಲ್ಲ, ಕೈಯಿಂದ ತಿಳಿಯುತ್ತದೆ.

ಆಮೇಲೆ ಡಮ್ಮಿ, ಅಂದರೆ ಪುಸ್ತಕದ ಮಾದರಿ. ಎ4 ಹಾಳೆಯನ್ನು ಎಂಟು ಮನೆ ಬರುವಂತೆ ಮಡಚಿ ಬಿಡಿಸಿ. ಉದ್ದದ ನಡುಗೆರೆಯಲ್ಲಿ ಮಧ್ಯದ ಎರಡು ಮನೆಗಳಷ್ಟು ಉದ್ದ ಮಾತ್ರ ಸೀಳಿ. ಉದ್ದಕ್ಕೆ ಮಡಚಿ ಎರಡೂ ತುದಿಗಳನ್ನು ಒಳಕ್ಕೆ ತಳ್ಳಿದರೆ ಎಂಟು ಪುಟದ ಪುಸ್ತಕ. ಅಂಚಿನವರೆಗೆ ಸೀಳಿದರೆ ಪುಸ್ತಕ ಬಿಚ್ಚಿಹೋಗುತ್ತದೆ. ರಕ್ಷಾಪುಟ ಮತ್ತು ಹಿಂಪುಟ ಕಳೆದರೆ ಕತೆಗೆ ಆರು ಪುಟ. ಬಲಗಡೆಯ 3 ಮತ್ತು 5ನೇ ಪುಟಗಳ ಕೊನೆಗೆ ಪ್ರಶ್ನೆ ಬರಲಿ, ಪುಟ ತಿರುವಿದ ಮೇಲೆ ಉತ್ತರ. ಚಿತ್ರಪುಸ್ತಕಗಳು ಸಾಮಾನ್ಯವಾಗಿ 32 ಪುಟದವು, ಅಂದರೆ 16 ಪುಟದ ಎರಡು ಫಾರಂ (ಒಟ್ಟಿಗೆ ಅಚ್ಚಾಗಿ ಮಡಚುವ ದೊಡ್ಡ ಹಾಳೆ). ಅಲ್ಲೂ ಲೇಖಕರು ಪುಟ ತಿರುವುವ ಜಾಗ ನೋಡಿಯೇ ಬರೆಯುತ್ತಾರೆ.

ಗಟ್ಟಿಯಾಗಿ ಓದುವುದು ಬರೆದವರಲ್ಲ, ಬೇರೆಯವರು. ಬರೆದವರ ಕಣ್ಣು ಹಾಳೆಯಲ್ಲಿ ಇಲ್ಲದ್ದನ್ನೂ ಓದುತ್ತದೆ. ಓದುವವರು ತಡವರಿಸಿದ ಕಡೆ ಮಗು ಪೆನ್ಸಿಲಿನಲ್ಲಿ ಚುಕ್ಕಿ ಇಡಲಿ.

ಪ್ರೂಫ್ ಕೊನೆಗೆ. ಒಂದು ಸಲ ದೀರ್ಘ, ಒಂದು ಸಲ ಒತ್ತು, ಒಂದು ಸಲ ಪೂರ್ಣವಿರಾಮ. ಕೊನೆಯ ಸಾಲಿನಿಂದ ಮೇಲಕ್ಕೆ ಓದಿದರೆ ಕತೆ ಎಳೆದುಕೊಂಡು ಹೋಗುವುದಿಲ್ಲ, ತಪ್ಪು ಕಾಣುತ್ತದೆ. ಅಡಿಗೆರೆ ಎಳೆದ ಪದಗಳನ್ನು ಈಗ ನಿಘಂಟಿನಲ್ಲಿ ಮಗುವೇ ಹುಡುಕಲಿ.

ಆ ರಾತ್ರಿ ಅವಳಿಗೆ ನನ್ನದೇ ಲೇಖನವೊಂದರ ಮೊದಲ ಕರಡು ತೋರಿಸಿದೆ, ಅರ್ಧದಷ್ಟು ಹೊಡೆದುಹಾಕಿದ್ದು. ಅಚ್ಚಾದ ಪುಟವನ್ನಷ್ಟೇ ಅವಳು ನೋಡಿದ್ದಳು. ಆ ಕರಡನ್ನು ತುಂಬ ಹೊತ್ತು ನೋಡಿ, ಹೊಸ ಹಾಳೆ ತೆಗೆದುಕೊಂಡಳು.

ಈಗಿನ ಕರಡಿನಲ್ಲಿ ಲಿಫ್ಟಿಗೆ ನಾಲ್ಕು ಕಡೆ ‘ಬಯ’ವಾಗುತ್ತದೆ. ಪ್ರೂಫ್ ಶನಿವಾರಕ್ಕೆ.