ಹಳೆಯ ಕಾರಿನ ಫಾಗ್ ಲ್ಯಾಂಪಿಗೆ ಬಲ್ಬು ಹುಡುಕಿದ್ದು

ನಮ್ಮ ಮನೆ ಮಲ್ಪೆಯ ಸಮೀಪ, ಹೆಂಡತಿಯ ತವರು ತೀರ್ಥಹಳ್ಳಿ. ಹಾಗಾಗಿ ಮಳೆಗಾಲದ ನಾಲ್ಕು ತಿಂಗಳಲ್ಲಿ ಐದಾರು ಸಲವಾದರೂ ಆಗುಂಬೆ ಘಾಟಿಯನ್ನು ಹತ್ತಿ ಇಳಿಯಬೇಕಾಗುತ್ತದೆ. ಹೆಬ್ರಿಯವರೆಗೆ ಬರೀ ಮಳೆ. ಸೋಮೇಶ್ವರ ದಾಟಿ ತಿರುವುಗಳು ಶುರುವಾದ ಮೇಲೆ ಮೋಡವೇ ರಸ್ತೆಗೆ ಇಳಿದಿರುತ್ತದೆ. ನನ್ನ ಕಾರು 2008ರದ್ದು. ಅದರ ಫಾಗ್ ಲ್ಯಾಂಪುಗಳು, ಅಂದರೆ ಮಂಜಿನಲ್ಲಿ ದಾರಿ ಕಾಣಲೆಂದು ಮುಂದೆ ಕೆಳಗೆ ಕೂರಿಸಿದ ದೀಪಗಳು, ಎರಡು ವರ್ಷಗಳಿಂದ ಮಂಕಾಗುತ್ತ ಬಂದು, ಕಳೆದ ಜೂನ್ ಹೊತ್ತಿಗೆ ಇದ್ದೂ ಇಲ್ಲದಂತಾಗಿದ್ದವು.

ಮೊದಲು ನಾನು ಮಾಡಿದ್ದು ತಪ್ಪು ಆಯ್ಕೆ. ಅಂಗಡಿಯಲ್ಲಿ ತೋರಿಸಿದ ತಣ್ಣನೆಯ ಬಿಳಿ ಬೆಳಕು ಕೊಡುವ 6000 ಕೆಲ್ವಿನ್‌ನ ಎಲ್‌ಇಡಿ ಬಲ್ಬುಗಳ ಜೋಡಿಯನ್ನು ಹಾಕಿಸಿಕೊಂಡೆ. ಮನೆಯ ಅಂಗಳದಲ್ಲಿ ಕಾಂಪೌಂಡ್ ಗೋಡೆಗೆ ಬೆಳಕು ಬಿಟ್ಟು ನೋಡಿದಾಗ ಹಗಲಿನಂತೆ ಕಂಡು ಸಂತೋಷವೂ ಆಯಿತು. ಆದರೆ ಘಾಟಿಯ ನಡುವಿನಲ್ಲಿ ಮಂಜು ದಟ್ಟವಾದ ಕೂಡಲೇ ಕಾರಿನ ಮುಂದೆ ಬಿಳಿ ಪರದೆ ಕಟ್ಟಿದಂತಾಯಿತು. ರಸ್ತೆಯ ಅಂಚಿರಲಿ, ಬಾನೆಟ್ಟಿನ ಆಚೆಗೇ ಏನೂ ಕಾಣಿಸಲಿಲ್ಲ. ಮೇಲಿನಿಂದ ಇಳಿಯುತ್ತಿದ್ದ ಮಿನಿ ಬಸ್ಸಿನ ಚಾಲಕರು ತಿರುವಿನಲ್ಲಿ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, “ಆ ಕೆಳಗಿನ ಲೈಟ್ ಒಮ್ಮೆ ಆಫ್ ಮಾಡಿ ಮಾರಾಯ್ರೇ, ನಮಗೆ ರಸ್ತೆಯೇ ಕಾಣುವುದಿಲ್ಲ” ಎಂದರು. ದಿನವೂ ಆ ಘಾಟಿಯಲ್ಲಿ ಜನರನ್ನು ಹೊತ್ತು ಓಡಾಡುವವರ ಕಣ್ಣಿಗೆ ನನ್ನಿಂದ ತೊಂದರೆಯಾಯಿತಲ್ಲ ಎಂಬುದು ಮನಸ್ಸಿಗೆ ಬಹಳ ನಾಟಿತು. ಊರಿಗೆ ಮರಳಿದ ಮೇಲೆ ಲ್ಯಾಂಪನ್ನೇ ಬಿಚ್ಚಿ ಕೂತೆ.

ನನ್ನ ಲ್ಯಾಂಪಿನದು ಎಚ್3 ಎಂಬ ಹಳೆಯ ಜಾತಿಯ ಹ್ಯಾಲೊಜೆನ್ (ತಂತಿ ಕಾದು ಬೆಳಗುವ) ಬಲ್ಬು. ಅದರ ಬುಡದಿಂದ ಗಿಡ್ಡನೆಯ ಒಂದೇ ವಯರ್ ಹೊರಟಿರುತ್ತದೆ. ಇನ್ನೊಂದು ಸಂಪರ್ಕ ಲೋಹದ ಬುಡದ ಮೂಲಕವೇ ಆಗುತ್ತದೆ. ಗಾಜಿನೊಳಗೆ ಕೂದಲಿನಷ್ಟು ಸಣ್ಣ ತಂತಿಯ ಸುರುಳಿ ಅಡ್ಡಲಾಗಿ ಕೂತಿರುತ್ತದೆ. ಲ್ಯಾಂಪಿನ ರಿಫ್ಲೆಕ್ಟರನ್ನೂ ಮುಂದಿನ ಗಾಜನ್ನೂ ರೂಪಿಸಿರುವುದು ಆ ಒಂದು ಸುರುಳಿ ಇರುವ ಜಾಗವನ್ನು ಲೆಕ್ಕಕ್ಕೆ ಹಿಡಿದೇ. ಬೆಳಕು ಅಗಲವಾಗಿ, ಚಪ್ಪಟೆಯಾಗಿ ಹರಡಿ, ಮೇಲಂಚಿನಲ್ಲಿ ಗೆರೆ ಎಳೆದಂತೆ ನಿಲ್ಲಬೇಕು. ಆ ಗೆರೆಯ ಮೇಲಕ್ಕೆ ಹೋದ ಬೆಳಕೆಲ್ಲ ಮಂಜಿನ ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ಮರಳುತ್ತದೆ. ನನಗೆ ಕೊಟ್ಟಿದ್ದ ಎಲ್‌ಇಡಿಯಲ್ಲಿ ಒಂದು ತಗಡಿನ ಎರಡು ಬದಿಗೆ ಬೆಳಕು ಕೊಡುವ ಪುಟ್ಟ ಚಿಪ್‌ಗಳನ್ನು ಅಂಟಿಸಲಾಗಿತ್ತು. ಬೆಳಕು ಹುಟ್ಟುವ ಜಾಗವೇ ಬದಲಾದ್ದರಿಂದ ಆ ಗೆರೆ ಅಳಿಸಿಹೋಗಿತ್ತು. ಎಲ್‌ಇಡಿಗೆಂದೇ ಮಾಡಿದ ಇಡೀ ಲ್ಯಾಂಪಾದರೆ ಮಾತು ಬೇರೆ. ಹ್ಯಾಲೊಜೆನ್‌ಗಾಗಿ ಮಾಡಿದ ಹಳೆಯ ಲ್ಯಾಂಪಿನೊಳಗೆ, ಅದರಲ್ಲೂ ಎಚ್3ರಲ್ಲಿ, ಎಲ್‌ಇಡಿ ತುರುಕಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗಾದರೆ 100 ವ್ಯಾಟ್‌ನ ಹ್ಯಾಲೊಜೆನ್ ಹಾಕಿದರಾಯಿತಲ್ಲ ಎಂದು ಸ್ನೇಹಿತರೊಬ್ಬರು ಸೂಚಿಸಿದರು. ಮೂಲ ಬಲ್ಬು 55 ವ್ಯಾಟ್‌ನದು. ಎರಡು ಸೇರಿ ಸುಮಾರು 9 ಆಂಪಿಯರ್ ಎಳೆಯುತ್ತವೆ. 100 ವ್ಯಾಟ್‌ನ ಜೋಡಿ 16 ಆಂಪಿಯರ್ ದಾಟುತ್ತದೆ. ಹದಿನೈದು ವರ್ಷ ದಾಟಿದ ವಯರಿಗೂ ಸ್ವಿಚ್ಚಿಗೂ ಅಷ್ಟನ್ನು ಹೊರಿಸುವುದು ಅಪಾಯ, ಪ್ಲಾಸ್ಟಿಕ್ ಲ್ಯಾಂಪಾಗಿದ್ದರೆ ಅದು ಕರಗಲೂಬಹುದು. ಬೇರೆ ಕೆಲವು ಕಾರುಗಳಿಗೆ ಬರುವ ಎಚ್8 ಮತ್ತು ಎಚ್11 ಬಲ್ಬುಗಳು ನೋಡಲು ಅಣ್ಣತಮ್ಮಂದಿರಂತಿದ್ದರೂ ಮೊದಲನೆಯದು 35 ವ್ಯಾಟ್, ಎರಡನೆಯದು 55 ವ್ಯಾಟ್ ಎಂಬುದನ್ನು ಅಂತಹ ಕಾರಿರುವವರು ಗಮನಿಸಬೇಕು.

ಲ್ಯಾಂಪು ಮಂಕಾದದ್ದರ ನಿಜವಾದ ಕಾರಣ ಸಿಕ್ಕಿದ್ದು ವಯರಿಂಗ್ ಕೆಲಸದವರೊಬ್ಬರಿಂದ. ಅವರು ಬಲ್ಬನ್ನು ನೋಡಲೇ ಇಲ್ಲ. ಹಳೆಯ ಹ್ಯಾಲೊಜೆನ್‌ಗಳನ್ನೇ ಮತ್ತೆ ಹಾಕಿ, ಎಂಜಿನ್ ಚಾಲೂ ಇಟ್ಟು, ಲ್ಯಾಂಪು ಉರಿಸಿ, ಮೀಟರ್ ಹಿಡಿದರು. ಬ್ಯಾಟರಿಯಲ್ಲಿ 13.9 ವೋಲ್ಟ್, ಬಲ್ಬಿನ ಬುಡದಲ್ಲಿ 11.6. “ಬಲ್ಬಿನದ್ದಲ್ಲ, ಅರ್ತಿಂಗಿನ ತೊಂದರೆ” ಎಂದರು. ಕರೆಂಟು ಕಾರಿನ ಲೋಹದ ಮೈಯ ಮೂಲಕ ಬ್ಯಾಟರಿಗೆ ಮರಳುವ ಜೋಡಣೆ ಅದು. ಬಂಪರಿನ ಹಿಂದೆ ಕಪ್ಪು ವಯರನ್ನು ಕಾರಿನ ಮೈಗೆ ಬಿಗಿದ ಬೋಲ್ಟು ಕಡಲ ಉಪ್ಪುಗಾಳಿಗೆ ತುಕ್ಕು ಹಿಡಿದು ಕೆಂಪು ಹುಡಿಯಾಗಿ ಉದುರುತ್ತಿತ್ತು. ಕನೆಕ್ಟರಿನ ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟಿತ್ತು. ವೋಲ್ಟೇಜು ಸ್ವಲ್ಪ ಇಳಿದರೂ ಹ್ಯಾಲೊಜೆನ್ ಬಲ್ಬಿನ ಬೆಳಕು ಅದಕ್ಕಿಂತ ಹಲವು ಪಟ್ಟು ವೇಗವಾಗಿ ಇಳಿಯುತ್ತದೆ. ಎಚ್3 ಬಲ್ಬಿನ ಬೆಳಕು 1450 ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ) ಎಂಬ ಲೆಕ್ಕ 13.2 ವೋಲ್ಟ್‌ನದು, 11.6ರಲ್ಲಿ ಅದರ ಮೂರನೆಯ ಒಂದು ಭಾಗವಾದರೂ ನಷ್ಟವಾಗುತ್ತದೆ. ಎಮರಿ ಪೇಪರಿನಲ್ಲಿ ಉಜ್ಜಿ, ಹೊಸ ಬೋಲ್ಟು ಹಾಕಿ, ಬ್ಯಾಟರಿಯಿಂದ ನೇರವಾಗಿ ದಪ್ಪ ವಯರ್ ಎಳೆದು, ಫ್ಯೂಸೂ, ಸ್ವಿಚ್ಚಿನ ಬದಲು ಕರೆಂಟಿನ ಹೊರೆ ಹೊರುವ ರಿಲೇಯೂ ಸೇರಿಸಿದ ಮೇಲೆ ಬಲ್ಬಿನ ಬುಡದಲ್ಲಿ 13.4 ವೋಲ್ಟ್ ಬಂತು. ಅದೇ ಹಳೆಯ ಬಲ್ಬು ಹೊಸದರಂತೆ ಉರಿಯಿತು. ಕರಾವಳಿಯಲ್ಲಿ ಹಳೆಯ ಕಾರು ಇಟ್ಟುಕೊಂಡವರು ಬಲ್ಬಿಗೆ ದುಡ್ಡು ಹಾಕುವ ಮೊದಲು ಈ ಅಳತೆಯೊಂದನ್ನು ಮಾಡಿಸಲೇಬೇಕೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಉಳಿದದ್ದು ಬಣ್ಣದ ಪ್ರಶ್ನೆ. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಎಂಬ ನಂಬಿಕೆ ಬಹಳ ಹಳೆಯದು; ಫ್ರಾನ್ಸಿನಲ್ಲಿ 1930ರ ದಶಕದಿಂದ 1993ರವರೆಗೆ ಕಾರುಗಳ ಹೆಡ್‌ಲೈಟೇ ಹಳದಿಯಾಗಿರಬೇಕೆಂಬ ನಿಯಮವಿತ್ತು. ಆದರೆ ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡವಾದ್ದರಿಂದ ಹಳದಿಯನ್ನೂ ಬಿಳಿಯನ್ನೂ ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ಚದುರಿಸುತ್ತವೆ. ವ್ಯತ್ಯಾಸವಿರುವುದು ನಮ್ಮ ಕಣ್ಣಿನಲ್ಲಿ: ನೀಲಿ ಅಂಶ ಕಡಿಮೆಯಾದಷ್ಟೂ ಕೋರೈಸುವಿಕೆ ಕಡಿಮೆ. ನನಗಂತೂ ಒದ್ದೆ ಡಾಂಬರಿನ ಮೇಲೆ ಹಳದಿಯೇ ಹಿತ. ಹಾಗಾಗಿ ಹಳದಿ ಲೇಪನದ ಎಚ್3, 55 ವ್ಯಾಟ್‌ನದೇ ಜೋಡಿಯನ್ನು ತಂದೆ. ನೀಲಿ ಲೇಪನ ಮಾಡಿ “ಸೂಪರ್ ವೈಟ್” ಎಂದು ಮಾರುವ ಹ್ಯಾಲೊಜೆನ್‌ಗಳು ಬೇಡವೇ ಬೇಡ.

ಹಾಕುವಾಗ ಗಾಜಿಗೆ ಬೆರಳು ತಾಗಿಸದೆ, ಶುಭ್ರವಾದ ಬಟ್ಟೆಯಲ್ಲಿ ಹಿಡಿದು ಕೂರಿಸಿದೆ. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಹೆಚ್ಚು ಕಾಯ್ದು ಬಲ್ಬಿನ ಆಯುಷ್ಯ ಕುಗ್ಗುತ್ತದೆ. ಬುಡದ ಹಳ್ಳವನ್ನು ಲ್ಯಾಂಪಿನ ಉಬ್ಬಿಗೆ ಸರಿಯಾಗಿ ಹೊಂದಿಸಿ ಸ್ಪ್ರಿಂಗ್ ಕ್ಲಿಪ್ಪು ಹಾಕದಿದ್ದರೆ ಸುರುಳಿ ಓರೆಯಾಗುತ್ತದೆ. ಹಿಂದಿನ ರಬ್ಬರ್ ಮುಚ್ಚಳ ಬಿರಿದಿದ್ದರಿಂದ ಅದನ್ನೂ ಬದಲಿಸಿದೆ. ಸಮತಟ್ಟಾದ ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿ, ಬೆಳಕಿನ ಮೇಲಂಚು ಲ್ಯಾಂಪಿನ ಎತ್ತರಕ್ಕಿಂತ ಸುಮಾರು 20 ಸೆಂಟಿಮೀಟರ್ ಕೆಳಗೆ ಬೀಳುವಂತೆ ಸ್ಕ್ರೂ ತಿರುಗಿಸಿದೆ.

ಆಗಸ್ಟಿನಲ್ಲಿ ಮತ್ತೆ ಘಾಟಿ ಹತ್ತಿದಾಗ ಮಂಜು ಅಷ್ಟೇ ದಟ್ಟವಾಗಿತ್ತು. ದೂರವೇನೂ ಕಾಣಲಿಲ್ಲ, ಆದರೆ ರಸ್ತೆಯಂಚಿನ ಬಿಳಿ ಗೆರೆಯೂ ತಿರುವಿನ ತಡೆಗೋಡೆಯ ಪಾಚಿಗಟ್ಟಿದ ಬುಡವೂ ಹತ್ತು ಹೆಜ್ಜೆ ಮುಂಚಿತವಾಗಿ ಕಂಡವು, ಎರಡನೇ ಗೇರಿನಲ್ಲಿ ಹೋಗಲು ಅಷ್ಟು ಸಾಕಾಯಿತು. ಎದುರು ಬಂದ ಯಾರೂ ಲೈಟು ಮಿನುಗಿಸಲಿಲ್ಲ.