ಅಪ್ಪನ ವಾಕಿಂಗ್ ಮತ್ತು ಸೌತ್‌ಡೇಲ್ ಮಾಲ್

ನನ್ನ ಬಾಣಂತನಕ್ಕೆ ಅಂತ ಅಪ್ಪ ಅಮ್ಮ ಮೈಸೂರಿನಿಂದ ಅಮೆರಿಕಾದ ಮಿನೆಸೋಟಾಗೆ ಬಂದಾಗ ಡಿಸೆಂಬರ್. ಅಮ್ಮನಿಗೆ ಕೈತುಂಬ ಕೆಲಸ. ಮಗುವಿಗೆ ಎಣ್ಣೆ ನೀರು, ನನಗೆ ಮೆಣಸಿನ ಸಾರು, ಬೆಳ್ಳುಳ್ಳಿ ಒಗ್ಗರಣೆ. ಅಪ್ಪನಿಗೆ ಮಾತ್ರ ಹೊತ್ತೇ ಹೋಗುತ್ತಿರಲಿಲ್ಲ. ಮೂವತ್ತು ವರ್ಷದಿಂದ ದಿನಾ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತು ಹಾಕಿದವರು ಅವರು. ಇಲ್ಲಿ ಹೊರಗೆ ಮೈನಸ್ 20 ಡಿಗ್ರಿ, ಫುಟ್‌ಪಾತ್ ಮೇಲೆ ಐಸ್. ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಏನು ಗತಿ ಅಂತ ನಾವೂ ಬಿಡಲಿಲ್ಲ. ಹತ್ತು ದಿನ ಕಿಟಕಿ ಹತ್ತಿರ ಸುಮ್ನೆ ಕೂತರು. ಆಮೇಲೆ ನನ್ನ ಗಂಡ ಆಫೀಸಿಗೆ ಹೋಗುವ ದಾರಿಯಲ್ಲಿ ಅವರನ್ನು ಸೌತ್‌ಡೇಲ್ ಮಾಲ್‌ನಲ್ಲಿ ಇಳಿಸಿ ಹೋಗಲು ಶುರು ಮಾಡಿದರು.

ಮೊದಲ ದಿನ ಮನೆಗೆ ಬಂದವರ ಮುಖವೇ ಬೇರೆ ಇತ್ತು. "ಅಂಗಡಿ ಇನ್ನೂ ತೆಗೆದೇ ಇರಲ್ಲ ಕಣಮ್ಮ, ಆಗ್ಲೇ ನನ್ನ ವಯಸ್ಸಿನವರು ಎಷ್ಟು ಜನ ನಡೀತಿರ್ತಾರೆ ಗೊತ್ತಾ? ಗುಡ್ ಮಾರ್ನಿಂಗ್ ಹೇಳ್ತಾರೆ. ನಮ್ಮ ಕೆರೆ ಏರಿ ಥರಾನೇ" ಅಂದರು.

ಆ ಮಾಲ್ ಮುಂದೆ ಎಂಟು ವರ್ಷದಿಂದ ಓಡಾಡಿದ್ದೇನೆ. ಅದರ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ರಾತ್ರಿ ಎರಡು ಗಂಟೆಗೆ ಮಗುವಿಗೆ ಹಾಲು ಕುಡಿಸುತ್ತಾ ಫೋನಿನಲ್ಲಿ ಓದಲು ಶುರು ಮಾಡಿದೆ. ಒಂದರಿಂದ ಇನ್ನೊಂದಕ್ಕೆ ಹೋಗುತ್ತಾ ಹೋಗುತ್ತಾ, ಬೆಂಗಳೂರಿನಿಂದ ಹಿಡಿದು ಎಲ್ಲ ಊರಿನಲ್ಲೂ ಈಗ ನಾವು ನೋಡುವ ಮಾಲ್‌ಗಳ ಅಜ್ಜಿಮನೆ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿದೆ ಅಂತ ತಿಳಿಯಿತು. ಪೂರ್ತಿ ಸೂರು ಮುಚ್ಚಿದ, ಚಳಿಗಾಲ ಬೇಸಿಗೆ ಎರಡರಲ್ಲೂ ಒಳಗೆ ಒಂದೇ ಹವೆ ಇರುವಂಥ ದೊಡ್ಡ ಮಾಲ್‌ಗಳಲ್ಲಿ ಅಮೆರಿಕಾದಲ್ಲೇ ಮೊದಲನೆಯದು ಸೌತ್‌ಡೇಲ್. ತೆರೆದದ್ದು 1956ರ ಅಕ್ಟೋಬರ್ 8ಕ್ಕೆ, ಮಿನಿಯಾಪೊಲಿಸ್ ಪಕ್ಕದ ಈಡೈನಾದಲ್ಲಿ.

ಅದನ್ನು ಕಟ್ಟಿಸಿದ್ದು ಡೇಟನ್ ಕುಟುಂಬ. ಮಿನಿಯಾಪೊಲಿಸ್ ಪೇಟೆಯ ನಿಕೊಲೆಟ್ ಅವೆನ್ಯೂನಲ್ಲಿ ಅವರ ದೊಡ್ಡ ಅಂಗಡಿ ಇತ್ತು. ಮುಂದೆ 1962ರಲ್ಲಿ ಟಾರ್ಗೆಟ್ ಅನ್ನುವ ದೊಡ್ಡ ಅಂಗಡಿ ಸರಪಳಿ ಶುರು ಮಾಡಿದ್ದೂ ಇದೇ ಕಂಪನಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜನ ಕಾರು ಕೊಂಡು ಊರಾಚೆ ಮನೆ ಮಾಡುತ್ತಿದ್ದರು, ಅಂಗಡಿಯೂ ಅವರ ಹಿಂದೆ ಹೋಗಬೇಕಿತ್ತು. ಆದರೆ ಇಲ್ಲಿನ ಹವೆ ಗೊತ್ತಲ್ಲ. ವರ್ಷಕ್ಕೆ ಆರಾಮಾಗಿ ಅಂಗಡಿ ಸುತ್ತುವಂಥ ದಿನಗಳು 126 ಮಾತ್ರ ಅಂತ ಡೇಟನ್‌ನವರು ಲೆಕ್ಕ ಹಾಕಿದ್ದರು. ಮಿಕ್ಕ ದಿನಗಳಲ್ಲಿ ಚಳಿ, ಹಿಮ, ಇಲ್ಲವೇ ಸೆಕೆ, ಮಳೆ.

ಅದಕ್ಕೆ ಉಪಾಯ ಹೇಳಿದ ಆರ್ಕಿಟೆಕ್ಟ್ ವಿಕ್ಟರ್ ಗ್ರೂಯೆನ್. 1903ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ. 1938ರಲ್ಲಿ ನಾಜಿಗಳು ಆಸ್ಟ್ರಿಯಾಕ್ಕೆ ನುಗ್ಗಿದಾಗ ದೇಶ ಬಿಟ್ಟು ನ್ಯೂಯಾರ್ಕಿಗೆ ಬಂದು ಇಳಿದಾಗ ಜೇಬಿನಲ್ಲಿ ಎಂಟು ಡಾಲರ್ ಇತ್ತಂತೆ. ವಿಯೆನ್ನಾ ಅಂದರೆ ಬೀದಿ, ಚೌಕ, ಕಾಫಿ ಕುಡಿಯುತ್ತಾ ಗಂಟೆಗಟ್ಟಲೆ ಹರಟುವ ಜನ. ಅಲ್ಲಿಂದ ಬಂದವರಿಗೆ ಅಮೆರಿಕಾದ ಊರಾಚೆಯ ಬಡಾವಣೆ ಹೇಗೆ ಕಂಡಿರಬೇಕು ಅಂತ ನನಗೆ ಊಹೆ ಮಾಡಲು ಕಷ್ಟವೇ ಇಲ್ಲ. ಮೈಸೂರಿನ ದೇವರಾಜ ಮಾರ್ಕೆಟ್, ಸಯ್ಯಾಜಿರಾವ್ ರಸ್ತೆ ಬಿಟ್ಟು ಬಂದ ನನಗೂ ಮೊದಲ ವರ್ಷ ಹಾಗೇ ಅನ್ನಿಸಿತ್ತು. ಮನೆ ಇದೆ, ಕಾರು ಇದೆ, ಅಗಲವಾದ ರಸ್ತೆ ಇದೆ. ರಸ್ತೆಯಲ್ಲಿ ಮನುಷ್ಯರೇ ಇಲ್ಲ!

ಗ್ರೂಯೆನ್ ಎರಡು ವರ್ಷ ಮೊದಲು, 1954ರಲ್ಲಿ, ಡೆಟ್ರಾಯಿಟ್ ಹತ್ತಿರ ನಾರ್ತ್‌ಲ್ಯಾಂಡ್ ಅನ್ನುವ ಶಾಪಿಂಗ್ ಸೆಂಟರ್ ಮಾಡಿದ್ದರು. ಅದು ಬಯಲಿನದು. ಇಲ್ಲಿ ಅಂಗಡಿಗಳ ಮುಖವನ್ನೆಲ್ಲ ಒಳಗೆ ತಿರುಗಿಸಿ, ಮಧ್ಯೆ ದೊಡ್ಡ ಅಂಗಳ ಮಾಡಿ, ಮೇಲೆ ಸೂರು ಹಾಕಿದರು. ನಮ್ಮ ತೊಟ್ಟಿಮನೆ ನೆನಪಾಗುತ್ತೆ ಅಲ್ವಾ? ಎರಡು ಮಹಡಿ, ಮಧ್ಯೆ ಎಸ್ಕಲೇಟರ್. ಒಂದು ಕಡೆಯ ಪಾರ್ಕಿಂಗ್ ಎತ್ತರದಲ್ಲಿ, ಇನ್ನೊಂದು ಕಡೆಯದು ತಗ್ಗಿನಲ್ಲಿ, ಹಾಗಾಗಿ ಕಾರಿನಿಂದ ಇಳಿದವರು ನೇರ ಮೇಲಿನ ಮಹಡಿಗೂ ಹೋಗಬಹುದು, ಕೆಳಗಿನದಕ್ಕೂ ಹೋಗಬಹುದು. ಇದರಿಂದ ಎರಡೂ ಮಹಡಿಗೆ ಗಿರಾಕಿಗಳು ಬಂದರು. ಇಂಥ ಸಣ್ಣ ಬುದ್ಧಿವಂತಿಕೆಗಳು ನನಗೆ ತುಂಬ ಇಷ್ಟ.

ಖರ್ಚು 2 ಕೋಟಿ ಡಾಲರ್. ಒಟ್ಟು 72 ಅಂಗಡಿ, 5,200 ಕಾರಿಗೆ ಜಾಗ. ಒಂದು ತುದಿಯಲ್ಲಿ ಡೇಟನ್ಸ್, ಇನ್ನೊಂದರಲ್ಲಿ ಅವರ ಎದುರಾಳಿ ಡೊನಾಲ್ಡ್‌ಸನ್ಸ್. ಮಧ್ಯದ ಅಂಗಳದಲ್ಲಿ ಮೀನಿನ ಕೊಳ, ಗಿಡ ಮರ, ಕೆಫೆ, 21 ಅಡಿ ಎತ್ತರದ ಹಕ್ಕಿ ಪಂಜರ. ಶಿಲ್ಪಿ ಹ್ಯಾರಿ ಬೆರ್ಟೋಯಾ ಲೋಹದಲ್ಲಿ ಮಾಡಿದ ಎತ್ತರದ ಚಿನ್ನದ ಬಣ್ಣದ ಮರಗಳು. ಒಳಗೆ ಸದಾ 75 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ 24. ಮೈಸೂರಿನ ನವೆಂಬರ್ ಅಂದುಕೊಳ್ಳಿ. ಮೊದಲ ದಿನವೇ 75,000 ಜನ ಬಂದರು.

ಎಲ್ಲರೂ ಮೆಚ್ಚಿದರು ಅಂತಲ್ಲ. ಹೆಸರಾಂತ ಆರ್ಕಿಟೆಕ್ಟ್ ಫ್ರಾಂಕ್ ಲಾಯ್ಡ್ ರೈಟ್ ಅದೇ ವರ್ಷ ಬಂದು ನೋಡಿ, ಹಳ್ಳಿ ಬೀದಿಯ ಕೆಟ್ಟದ್ದೆಲ್ಲ ಈ ಅಂಗಳದಲ್ಲಿದೆ, ಅದರ ಚೆಂದ ಮಾತ್ರ ಇಲ್ಲ ಅನ್ನುವ ಅರ್ಥದಲ್ಲಿ ಬೈದರು. ನನಗೆ ಅದು ಒಪ್ಪಿಗೆ ಇಲ್ಲ. ಜನವರಿಯಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಅಪ್ಪ ಆ ಬಾಗಿಲು ದಾಟಿ ಒಳಗೆ ಹೋಗಿ, ಟೋಪಿ ತೆಗೆದು ಉಸಿರು ಬಿಡುವುದನ್ನು ನಾನು ನೋಡಿದ್ದೇನೆ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಗ್ರೂಯೆನ್ ಮಾಡಿದ್ದ ಪೂರ್ತಿ ನಕ್ಷೆಯ ವಿಷಯ. ಅವರಿಗೆ ಬೇಕಿದ್ದದ್ದು ಮಾಲ್ ಒಂದೇ ಅಲ್ಲ. 460ಕ್ಕೂ ಹೆಚ್ಚು ಎಕರೆಯಲ್ಲಿ ಮನೆಗಳು, ಅಪಾರ್ಟ್‌ಮೆಂಟು, ಶಾಲೆ, ಆಸ್ಪತ್ರೆ, ಪಾರ್ಕು, ಒಂದು ಕೆರೆ. ಅಂಗಡಿ ಬರೀ ನಡುವಿನ ಪೇಟೆ. ಜನ ಸೇರಲಿ, ಕೂರಲಿ, ನಡೆಯಲಿ ಅನ್ನುವುದು ಅವರ ಆಸೆ. ಆದರೆ ಮಾಲ್ ಬಂದದ್ದೇ ತಡ, ಸುತ್ತಲ ಜಮೀನಿನ ಬೆಲೆ ಏರಿತು. ನಕ್ಷೆ ಕಾಗದದಲ್ಲೇ ಉಳಿಯಿತು. ಮಾಲ್ ಸುತ್ತ ಡಾಂಬರು ಹಾಕಿದ ಪಾರ್ಕಿಂಗ್ ಬಯಲು, ಆಚೆ ಅಗಲವಾದ ರಸ್ತೆ. 1954ರಲ್ಲಿ ಇಲ್ಲಿನ ತೆರಿಗೆ ಕಾನೂನು ಬದಲಾಗಿ, ಹೊಸ ಕಟ್ಟಡದ ಸವಕಳಿಯನ್ನು, ಅಂದರೆ ಹಳೆಯದಾಗುತ್ತಾ ಅದರ ಬೆಲೆ ಇಳಿಯುವ ಲೆಕ್ಕವನ್ನು, ಮೊದಲ ವರ್ಷಗಳಲ್ಲೇ ಜಾಸ್ತಿ ತೋರಿಸಿ ತೆರಿಗೆ ಉಳಿಸಬಹುದಿತ್ತು. ಹಾಗಾಗಿ ಊರಿಗೆ ಬೇಕೋ ಬೇಡವೋ, ಮಾಲ್ ಕಟ್ಟುವುದೇ ಲಾಭ ಆಯಿತು. ಎಲ್ಲರೂ ಗ್ರೂಯೆನ್ ಅವರ ಡಬ್ಬವನ್ನು ತೆಗೆದುಕೊಂಡರು. ಊರನ್ನು ಬಿಟ್ಟರು.

ಇನ್ನೊಂದು ಮಾತು ಹೇಳಲೇಬೇಕು. ಈಡೈನಾದ ಕಂಟ್ರಿ ಕ್ಲಬ್ ಬಡಾವಣೆಯಲ್ಲಿ 1920ರ ದಶಕದಿಂದ ಮನೆ ಪತ್ರಗಳಲ್ಲೇ ಬಿಳಿಯರಲ್ಲದವರಿಗೆ ಮಾರಬಾರದು ಅಂತ ಬರೆದಿರುತ್ತಿತ್ತು. ಎಲ್ಲರೂ ಸೇರುವ ಅಂಗಳ ಅಂತ ಗ್ರೂಯೆನ್ ಕನಸು ಕಂಡದ್ದು ಅಂಥ ಊರಿನಲ್ಲಿ. ಇದನ್ನು ಓದಿದ ರಾತ್ರಿ ಮಗುವನ್ನು ಎತ್ತಿಕೊಂಡು ತುಂಬ ಹೊತ್ತು ಹಾಗೇ ಕೂತಿದ್ದೆ.

ಗ್ರೂಯೆನ್ 1968ರಲ್ಲಿ ವಿಯೆನ್ನಾಕ್ಕೆ ವಾಪಸ್ ಹೋದರು. ಅಲ್ಲಿ ನೋಡಿದರೆ, ಊರಿನ ದಕ್ಷಿಣಕ್ಕೆ ಭಾರಿ ಮಾಲ್ ಎದ್ದು ಚಿಕ್ಕ ಅಂಗಡಿಯವರ ಹೊಟ್ಟೆಗೆ ಹೊಡೆಯಿತು. ಇಂಥ ಮಾಲ್‌ಗಳಿಗೆಲ್ಲ ತಾವು ತಂದೆ ಅಲ್ಲ, ಜೀವನಾಂಶ ಕೊಡುವುದಿಲ್ಲ ಅಂತ 1978ರಲ್ಲಿ ಲಂಡನ್ನಿನ ಒಂದು ಭಾಷಣದಲ್ಲಿ ಸಿಟ್ಟಿನಿಂದ ಹೇಳಿದರು. 1980ರಲ್ಲಿ ತೀರಿಕೊಂಡರು.

ಇತ್ತ ಸೌತ್‌ಡೇಲ್‌ಗೆ ಬ್ರೂಕ್‌ಡೇಲ್, ರೋಸ್‌ಡೇಲ್, ರಿಡ್ಜ್‌ಡೇಲ್ ಅಂತ ತಂಗಿಯರು ಹುಟ್ಟಿದರು. 1992ರಲ್ಲಿ ಪಕ್ಕದ ಬ್ಲೂಮಿಂಗ್ಟನ್‌ನಲ್ಲಿ ಮಾಲ್ ಆಫ್ ಅಮೆರಿಕಾ ಬಂತು. ನಮ್ಮ ಕೋರಮಂಗಲದ ಫೋರಂ ತೆರೆದದ್ದು 2004ರಲ್ಲಿ, ಅದರಲ್ಲೂ ಅದೇ ನಡುವಿನ ಅಂಗಳ, ಅದೇ ಎಸ್ಕಲೇಟರ್. ಡೇಟನ್ಸ್ ಹೆಸರು ಹೋಗಿ ಮಾರ್ಷಲ್ ಫೀಲ್ಡ್ಸ್, ಆಮೇಲೆ ಮೇಸೀಸ್ ಆಯಿತು. ಅಂಗಡಿಗಳು ಒಂದೊಂದಾಗಿ ಖಾಲಿ ಆದವು. ಆಗ ಏನಾಯಿತು ಗೊತ್ತಾ? ಪಾರ್ಕಿಂಗ್ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದವು. ಜೆಸಿ ಪೆನ್ನಿ ಇದ್ದ ಕಡೆ 2019ರಲ್ಲಿ ದೊಡ್ಡ ಜಿಮ್ ಬಂತು. ಆಸ್ಪತ್ರೆ 1960ರ ದಶಕದಿಂದಲೇ ಎದುರಿಗಿದೆ. ಅರುವತ್ತು ವರ್ಷ ತಡವಾಗಿ, ಹಳೇ ನಕ್ಷೆ ಚೂರು ಚೂರಾಗಿ ನೆಲಕ್ಕೆ ಇಳಿಯುತ್ತಿದೆ.

ಇದನ್ನೆಲ್ಲ ಒಂದು ದಿನ ಬೆರ್ಟೋಯಾ ಮರಗಳ ಹತ್ತಿರ ಬೆಂಚಿನ ಮೇಲೆ ಕೂತು ಅಪ್ಪನಿಗೆ ಹೇಳಿದೆ. ಮಗು ಸ್ಟ್ರೋಲರ್‌ನಲ್ಲಿ ಮಲಗಿತ್ತು. ಅಪ್ಪ ಪೂರ್ತಿ ಕೇಳಿಸಿಕೊಂಡು, "ಎಲ್ಲಾ ಸರಿ, ಆ ಕೆರೆ ಏನಾಯ್ತಮ್ಮ?" ಅಂದರು.

ಮಾಲ್‌ನ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ಸೆಂಟೆನಿಯಲ್ ಲೇಕ್ಸ್ ಅಂತ ಪಾರ್ಕ್ ಇದೆ. ಮೊದಲು ಜಲ್ಲಿ ತೆಗೆಯುತ್ತಿದ್ದ ಗುಂಡಿ, ಈಗ ಕೆರೆ, ಸುತ್ತ ನಡೆಯಲು ದಾರಿ. ಏಪ್ರಿಲ್‌ನಲ್ಲಿ ಐಸ್ ಕರಗಿದ ಮೇಲೆ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಒಂದು ಸುತ್ತು ಹಾಕಿ ಬಂದರು, ಇನ್ನೊಂದು ಸುತ್ತಿಗೆ ಹೊರಟರು. ನಾನೂ ಮಗುವೂ ಬೆಂಚಿನ ಮೇಲೆ ಕಾಯುತ್ತಾ ಕೂತೆವು.