ಮಗಳಿಗೆ ಯಾವ ಕಾದಂಬರಿ ಕೊಡಲಿ ಅಕ್ಕಾ?

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ. ಬ್ಲೌಸು, ಚೂಡಿದಾರ, ಫಾಲು, ಪಿಕೋ. ಲೈನಿಂಗ್ ಬಟ್ಟೆ ಇಡೋಕೆ ಅಂತ ಗೋಡೆಗೆ ಮಾಡಿಸಿದ ಗೂಡಿನಲ್ಲಿ ಈಗ ಅರ್ಧಕ್ಕರ್ಧ ಕಾದಂಬರಿಗಳೇ ಇವೆ. ಯೂನಿಫಾರಂ ಹೊಲಿಸಲು ಬಂದ ಹುಡುಗಿಯರು ಕಾಯುವಾಗ ಒಂದನ್ನು ಎಳೆದುಕೊಂಡು ಕೂರುತ್ತಾರೆ. ಮುಗಿಯದಿದ್ದರೆ ಮನೆಗೂ ಒಯ್ಯುತ್ತಾರೆ. ಹಾಗಾಗಿ ಅಳತೆ ಬ್ಲೌಸ್ ಕೈಗಿಡುತ್ತಾ ಅಮ್ಮಂದಿರು ಕೇಳುವ ಪ್ರಶ್ನೆ ಒಂದೇ: "ಅಕ್ಕಾ, ನಮ್ ಹುಡುಗಿ ಬರೇ ಮೊಬೈಲ್ ಹಿಡ್ಕೊಂಡು ಕುಂತಿರ್ತಾಳ್ರಿ. ಒಂದು ಚಲೋ ಕಾದಂಬರಿ ಹೇಳ್ರಿ." ಹಿಂದೆಯೇ ಷರತ್ತು: "ಲವ್ವು ಗಿವ್ವು ಇರಬಾರ್ದು ನೋಡ್ರಿ. ಏನರ ಕಲಿಯೋ ಹಂಗಿರ್ಬೇಕು."

ಈ ಷರತ್ತು ಹಾಕಿದವರಲ್ಲಿ ಒಬ್ಬಳು ನನ್ನ ಹೈಸ್ಕೂಲ್ ಗೆಳತಿ. ಬಾಡಿಗೆ ಲೈಬ್ರರಿಯಿಂದ ಸಾಯಿಸುತೆಯವರ ಕಾದಂಬರಿ ತಂದು, ಸಮಾಜ ವಿಜ್ಞಾನದ ನೋಟ್ಸಿನೊಳಗೆ ಅಡಗಿಸಿಟ್ಟು ಓದುತ್ತಿದ್ದವಳು! ನೆನಪಿಸಿದರೆ "ಅದು ಬ್ಯಾರೆ ಬಿಡೇ" ಅಂತಾಳೆ. ಏನು ಬ್ಯಾರೆಯೋ.

ನನ್ನ ಉತ್ತರ ಇದು. ಕಲಿಸುವ ಪುಸ್ತಕ ಸದ್ಯಕ್ಕೆ ಬೇಡ. ಬೆಳಗಿಂದ ಸಂಜೆವರೆಗೆ ಶಾಲೆಯಲ್ಲಿ ಕಲಿಸುತ್ತಲೇ ಇರುತ್ತಾರೆ, ಆಮೇಲೆ ಟ್ಯೂಷನ್ ಬೇರೆ. ಮೊದಲು ನಗಿಸುವ ಪುಸ್ತಕ ಕೊಡಿ. ನನ್ನ ಗೂಡಿನಿಂದ ಮೊದಲು ಹೊರಡುವುದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರ ಪುಸ್ತಕ, ದಪ್ಪವೂ ಇಲ್ಲ. ಮೂಡಿಗೆರೆ ಕಡೆಯ ಒಬ್ಬ ಕೃಷಿಕ, ಕರ್ವಾಲೊ ಎಂಬ ವಿಜ್ಞಾನಿ, ಜೇನು ಹಿಡಿಯುವ ಮಂದಣ್ಣ, ಕಿವಿ ಅನ್ನುವ ನಾಯಿ, ಎಲ್ಲರೂ ಸೇರಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. "ಹುಡುಗಿಯರ ಪುಸ್ತಕ ಅಲ್ಲವಲ್ಲ ಇದು" ಅಂತ ಒಬ್ಬ ಅಪ್ಪ ಹೇಳಿದರು. ಹುಡುಗಿಗೆ ಹುಡುಗಿಯ ಕತೆಯೇ ಯಾಕೆ ಬೇಕು? ಹತ್ತನೇ ಕ್ಲಾಸಿನ ಒಬ್ಬಳು ನನ್ನ ಸ್ಟೂಲಿನ ಮೇಲೆ ಕೂತು ಮಂದಣ್ಣನ ಫಜೀತಿ ಓದಿ ಹೇಗೆ ನಕ್ಕಳೆಂದರೆ, ಟ್ರಯಲ್ ನೋಡುತ್ತಿದ್ದ ಗಿರಾಕಿ ಪರದೆ ಸರಿಸಿ ಇಣುಕಿದರು. ನಾಲ್ಕು ಹನಿ ಬಿದ್ದರೆ ಮಳೆಗಾಲ ಅನ್ನುವ ನಮ್ಮೂರಿನ ಮಕ್ಕಳಿಗೆ ಆ ಕಾಡು, ಆ ಮಂಜು ಬೇರೆ ಲೋಕವೇ. ಬೇಸಿಗೆಯಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು, ಫ್ಯಾನಿಗಿಂತ ತಂಪು.

ಒಂದು ತೊಡಕು ಹೇಳಬೇಕು. ಇಲ್ಲಿ ಬಹಳ ಹುಡುಗಿಯರ ಮನೆಮಾತು ತೆಲುಗು, ಕೆಲವರದು ಉರ್ದು. ಕನ್ನಡ ಮಾತು ಸಲೀಸು, ಆದರೆ ಇನ್ನೂರು ಪುಟ ಅಂದರೆ ಹೆದರುತ್ತಾರೆ. ಅಂಥವರಿಗೆ ‘ತೊತ್ತೋಚಾನ್’ ಕೊಡುತ್ತೇನೆ. ಅದು ಕಾದಂಬರಿ ಅಲ್ಲ, ಜಪಾನಿನ ತೆತ್ಸುಕೊ ಕುರೊಯಾನಗಿ ತಮ್ಮ ಬಾಲ್ಯವನ್ನೇ ಬರೆದಿದ್ದು. ಆದರೂ ಕತೆಯ ಹಾಗೇ ಓಡುತ್ತದೆ. ಕಿಟಕಿಯಲ್ಲಿ ನಿಂತು ಬೀದಿ ವಾದ್ಯದವರನ್ನು ಕರೆದಳು ಅಂತ ಶಾಲೆಯಿಂದ ಹೊರಹಾಕಿಸಿಕೊಂಡ ಹುಡುಗಿ, ಹಳೆಯ ರೈಲು ಬೋಗಿಗಳಲ್ಲಿ ನಡೆಯುವ ಇನ್ನೊಂದು ಶಾಲೆಗೆ ಸೇರುತ್ತಾಳೆ. ಅಧ್ಯಾಯಗಳು ಪುಟ್ಟ ಪುಟ್ಟವು. ಕಾಜಾ ಹಾಕಿ ಗುಂಡಿ ಹಚ್ಚುವಷ್ಟರಲ್ಲಿ ಎರಡು ಮುಗಿಯುತ್ತವೆ.

ಕನ್ನಡ ಬರಲ್ಲ, ಇಷ್ಟವಿಲ್ಲ ಅನ್ನುವವರಿಗೆ ನಮ್ಮವರೇ ಆದ ಬೀಚಿಯ ಕತೆ ಹೇಳುತ್ತೇನೆ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ಒಂದು ಕಾಲದಲ್ಲಿ ಕನ್ನಡ ಅಂದರೆ ಮೂಗು ಮುರಿಯುತ್ತಿದ್ದರಂತೆ. ಅ.ನ.ಕೃ. ಅವರ ‘ಸಂಧ್ಯಾರಾಗ’ ಓದಿದ ಮೇಲೆ ಪೂರ್ತಿ ಬದಲಾದರು, ತಾವೇ ಕನ್ನಡದಲ್ಲಿ ಬರೆದು ನಾಡನ್ನೆಲ್ಲ ನಗಿಸಿದರು. ಅವರ ಆತ್ಮಕತೆ ‘ಭಯಾಗ್ರಫಿ’ಯನ್ನು ಪಿಯುಸಿಯವರಿಗೆ ಕೊಡಬಹುದು. ಕುಂ. ವೀರಭದ್ರಪ್ಪನವರೂ ನಮ್ಮ ಕಡೆಯವರೇ, ಅವರ ಪುಸ್ತಕದಲ್ಲಿ ನಮ್ಮ ಭಾಷೆಯೇ ಕುಣಿಯುತ್ತದೆ. ಆದರೆ ‘ಅರಮನೆ’ಯಂಥದ್ದು ಹದಿನಾಲ್ಕಕ್ಕೆ ಭಾರ. ಇರಲಿ, ಕಾಯುತ್ತದೆ.

ಇನ್ನು ಮನಸ್ಸು ಕಲಕುವಂಥವು. ಇಲ್ಲೇ ಅಮ್ಮಂದಿರ ಜೊತೆ ನನ್ನ ವಾದ. ಲವ್ವು ಇರಬಾರದು ಅಂತೀರಿ. ಹುಡುಗಿಯರ ಮೊಬೈಲಿನಲ್ಲಿ ಪ್ರತಿಲಿಪಿ ಆ್ಯಪ್ ಇದೆ, ಅದರಲ್ಲಿ ದಿನಕ್ಕೊಂದು ಕಂತು ಪ್ರೇಮಕತೆ ಬರುತ್ತದೆ. ನನ್ನದೇನೂ ತಕರಾರಿಲ್ಲ, ನಾನೂ ಎರಡು ಓದುತ್ತಿದ್ದೇನೆ. ಆದರೆ ಪ್ರೀತಿಯ ಕತೆ ಓದುವುದೇ ಆದರೆ ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನೂ ಓದಲಿ ಅಲ್ವಾ? ಶ್ರೀಮಂತರ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗುವ ಮೋಹನ ಅವಳಪ್ಪನ ದುಡ್ಡಿನಲ್ಲಿ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ. ಆಸ್ತಿ ತನಗಿಲ್ಲ ಅಂತ ಗೊತ್ತಾದ ಕೂಡಲೇ ಮೋಹನನ ಬಣ್ಣ ಬದಲಾಗುತ್ತದೆ. ಮುಂದೆ ಅವನು ಕಾಲು ಮುರಿದುಕೊಂಡು ಮಲಗಿದಾಗ ಇವಳೇ ಆರೈಕೆ ಮಾಡುತ್ತಾಳೆ, ಅವನ ಮನಸ್ಸು ಮತ್ತೆ ತಿರುಗುತ್ತದೆ. ಆಗ ಇಂದಿರಾ ಏನಂತಾಳೆ? ಸಿನಿಮಾ ನೋಡಿದವರಿಗೆ ಗೊತ್ತು. ನಮ್ಮ ಕಡೆ ಇದಕ್ಕೆ ಒಂದೇ ಮಾತು: ಒಲ್ಲೆ. ಆರೈಕೆ ಮಾಡಿದ ಕೈಯೇ ಒಲ್ಲೆ ಅಂತ ತೋರಿಸುವುದನ್ನು ಯಾವ ಬುದ್ಧಿವಾದದ ಪುಸ್ತಕ ಇಷ್ಟು ಚೆನ್ನಾಗಿ ಹೇಳಿದೆ?

ಸುಧಾ ಮೂರ್ತಿಯವರ ‘ಮಹಾಶ್ವೇತೆ’ಯ ಅನುಪಮಾಳೂ ಅಂಥವಳೇ. ಮದುವೆಯಾದ ಮೇಲೆ ಮೈಮೇಲೆ ತೊನ್ನು ಕಾಣಿಸಿಕೊಂಡು ಗಂಡನ ಮನೆ ಬಿಡಬೇಕಾಗುತ್ತದೆ, ಆಮೇಲೆ ಮುಂಬೈಯಲ್ಲಿ ತನ್ನ ಕಾಲ ಮೇಲೆ ನಿಲ್ಲುತ್ತಾಳೆ. ನಿಜ ಹೇಳಬೇಕೆಂದರೆ ಅದರಲ್ಲಿ ಒಳ್ಳೆಯವರು ತೀರಾ ಒಳ್ಳೆಯವರು, ಕೆಟ್ಟವರು ತೀರಾ ಕೆಟ್ಟವರು. ನನಗೆ ಅದು ಸ್ವಲ್ಪ ಸಪ್ಪೆ. ಆದರೆ ಓದಲು ಹಗುರ, ಮಕ್ಕಳು ಒಂದೇ ರಾತ್ರಿಯಲ್ಲಿ ಮುಗಿಸುತ್ತಾರೆ. ಮುಖದ ಮೇಲಿನ ಕಲೆ ಕಾಣಬಾರದು ಅಂತ ಸದಾ ದುಪಟ್ಟಾ ಎಳೆದುಕೊಳ್ಳುತ್ತಿದ್ದ ಒಬ್ಬಳು ಅದನ್ನು ಮೂರು ಸಲ ಒಯ್ದಳು. ನಾನು ಏನೂ ಕೇಳಲಿಲ್ಲ.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಚಿಕ್ಕದು, ಬಾಲವಿಧವೆಯ ಕತೆ. ಕೇಶ ತೆಗೆಸಲು ಒಪ್ಪದ ದಾಕ್ಷಾಯಣಿ ಬರುವ ಭಾಗಕ್ಕೆ ಹುಡುಗಿಯರು ಕೂತಲ್ಲೇ ನೆಟ್ಟಗಾಗುತ್ತಾರೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಮಾತ್ರ ಹದಿನೇಳರ ಮೇಲೆ. ನಾದಿರಾಳ ಕೊನೆ ಬಹಳ ನೋಯಿಸುತ್ತದೆ, ಓದಿದ ದಿನ ಮಾತಾಡಲು ಪಕ್ಕದಲ್ಲಿ ಒಬ್ಬರಿರಬೇಕು. ತ್ರಿವೇಣಿಯವರ ‘ಶರಪಂಜರ’ಕ್ಕೂ ಅಷ್ಟೇ.

ಕೊಟ್ಟ ಮೇಲೆ "ಎಷ್ಟು ಪುಟ ಆಯ್ತು?" ಅಂತ ಕೇಳಬೇಡಿ. ಅರ್ಧಕ್ಕೆ ಬಿಟ್ಟರೆ ಬಿಡಲಿ, ಇನ್ನೊಂದು ತೆಗೆದುಕೊಳ್ಳಲಿ. ಸುಮ್ನೆ ನೀವೂ ಅದನ್ನೇ ಓದಿ ನೋಡಿ. ನೋಟ್ಸಿನೊಳಗೆ ಸಾಯಿಸುತೆ ಅಡಗಿಸುತ್ತಿದ್ದ ನನ್ನ ಗೆಳತಿಯ ಮಗಳ ಹತ್ತಿರ ಮೊನ್ನೆ ‘ಬೆಳ್ಳಿಮೋಡ’ ವಾಪಸ್ ಕೇಳಿದೆ. "ನಂದು ಮುಗಿದೈತಿ ಆಂಟಿ, ಅಮ್ಮಂದು ಇನ್ನಾ ನಲವತ್ತು ಪುಟ ಐತಿ" ಅಂದಳು.

ಪುಸ್ತಕ ಕೊಳ್ಳಲೇಬೇಕು ಅಂತಿಲ್ಲ, ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ವಿಚಾರಿಸಿ. ನನ್ನ ಗೂಡಂತೂ ಇದ್ದೇ ಇದೆ. ‘ಕರ್ವಾಲೊ’ ಒಂದನ್ನು ಮಾತ್ರ ಕೇಳಬೇಡಿ. ಮೂರನೇ ಪ್ರತಿಯೂ ಹೋಗಿ ಆರು ತಿಂಗಳಾಯಿತು. ಯಾರ ಮನೆಯಲ್ಲಿದೆಯೋ, ದೀಪಾವಳಿ ಬ್ಲೌಸ್ ಒಯ್ಯಲು ಬರುವಾಗ ದಯವಿಟ್ಟು ತಂದುಕೊಡಿ.